ನೀವು ಯಾರು ಎಂಬುದರಲ್ಲಿ ಕೇಳುವವರ ಪಾಲು

ಫೋನಿನಲ್ಲಿ ಮಾತಾಡುತ್ತಿರುವವರ ಪಕ್ಕದಲ್ಲಿ ಒಂದು ನಿಮಿಷ ಕೂತರೆ ಸಾಕು, ಆ ಕಡೆ ಯಾರಿದ್ದಾರೆ ಎಂದು ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ಹೆಸರು ಕಿವಿಗೆ ಬೀಳಬೇಕಿಲ್ಲ. ಮೇಲಧಿಕಾರಿಯಾದರೆ ಮಾತು ಅಳೆದು ತೂಗಿ ಬರುತ್ತದೆ. ಹಳೆಯ ಗೆಳೆಯನಾದರೆ ದನಿ ಏರುತ್ತದೆ, ನಗು ಸಲೀಸಾಗಿ ಬರುತ್ತದೆ, ವಾಕ್ಯ ಅರ್ಧಕ್ಕೇ ನಿಂತರೂ ಅವನಿಗೆ ಅರ್ಥವಾಗುತ್ತದೆ. ಅಮ್ಮನಾದರೆ "ಹೂಂ, ಆಯ್ತು, ಊಟ ಆಯ್ತು" ಎನ್ನುವಷ್ಟರಲ್ಲೇ ನಲವತ್ತು ದಾಟಿದ ಮನುಷ್ಯ ಮತ್ತೆ ಮಗನಾಗಿಬಿಡುತ್ತಾನೆ. ಮೂರೂ ಕಡೆ ಮಾತಾಡಿದ್ದು ಒಬ್ಬನೇ. ಹಾಗಾದರೆ ಇವರಲ್ಲಿ ನಿಜವಾದವನು ಯಾರು?

ನಮ್ಮಲ್ಲಿ ಹೆಚ್ಚಿನವರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ. ಒಳಗೆಲ್ಲೋ ಒಬ್ಬ ಅಸಲಿ 'ನಾನು' ಇದ್ದಾನೆ, ಹೊರಗೆ ಕಾಣುವುದೆಲ್ಲ ಅವನ ತೋರಿಕೆ, ಮಾತು ಎಂದರೆ ಒಳಗಿರುವುದನ್ನು ಹೊರಗೆ ಹಾಕುವ ಕೆಲಸ. "ಬೇರೆಯವರು ಏನಂದುಕೊಂಡರೆ ಏನು, ನೀನು ನೀನಾಗಿರು" ಎಂಬ ಬುದ್ಧಿಮಾತು ಬರುವುದೂ ಈ ನಂಬಿಕೆಯಿಂದಲೇ. ಆದರೆ ನೂರು ವರ್ಷಕ್ಕೂ ಹೆಚ್ಚು ಕಾಲದ ಅಧ್ಯಯನಗಳು ಬೇರೆಯದನ್ನೇ ಹೇಳುತ್ತಿವೆ. ಮಾತು ಒಳಗಿನದನ್ನು ತೋರಿಸುವುದಷ್ಟೇ ಅಲ್ಲ, ಅದನ್ನು ಕಟ್ಟುತ್ತದೆ ಕೂಡ. ಮತ್ತು ಈ ಕಟ್ಟುವ ಕೆಲಸದಲ್ಲಿ ಕೇಳುವವರ ಪಾಲು ನಾವು ಅಂದುಕೊಂಡಿರುವುದಕ್ಕಿಂತ ತುಂಬಾ ಜಾಸ್ತಿ. ನಾವು ನಮ್ಮ ಬಗ್ಗೆ ಹೇಗೆ ಮಾತಾಡಬೇಕು ಎಂಬುದಕ್ಕೆ ಸಲಹೆಗಳು ಬೇಕಾದಷ್ಟಿವೆ. ಇನ್ನೊಬ್ಬರು ಏನಾಗುತ್ತಾರೆ ಎಂಬುದರಲ್ಲಿ ನಮ್ಮ ಕೇಳುವಿಕೆಯ ಪಾಲೆಷ್ಟು ಎಂದು ಯಾರೂ ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ನನಗೆ ಅದೇ ದೊಡ್ಡ ವಿಷಯವಾಗಿ ಕಾಣುತ್ತದೆ.

ಇನ್ನೊಬ್ಬರ ಕಣ್ಣಿನಲ್ಲಿ

1902ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ ಒಂದು ವಿಚಾರ ಮುಂದಿಟ್ಟರು. ಅದಕ್ಕೆ ಅವರು ಕೊಟ್ಟ ಹೆಸರು 'ಲುಕಿಂಗ್ ಗ್ಲಾಸ್ ಸೆಲ್ಫ್', ಅಂದರೆ ಕನ್ನಡಿಯಲ್ಲಿ ಕಾಣುವ ನಾನು. ಇಲ್ಲಿ ಕನ್ನಡಿ ಎಂದರೆ ಎದುರಿಗಿರುವ ಮನುಷ್ಯ. ಇದರಲ್ಲಿ ಮೂರು ಭಾಗಗಳಿವೆ. ಮೊದಲು, ನಾನು ಇವರಿಗೆ ಹೇಗೆ ಕಾಣುತ್ತಿದ್ದೇನೆ ಎಂದು ಊಹಿಸುತ್ತೇನೆ. ಆಮೇಲೆ, ಹಾಗೆ ಕಂಡ ನನ್ನ ಬಗ್ಗೆ ಇವರು ಏನಂದುಕೊಂಡಿರಬಹುದು ಎಂದು ಊಹಿಸುತ್ತೇನೆ. ಕೊನೆಗೆ, ಆ ಊಹೆಯಿಂದ ಹೆಮ್ಮೆಯೋ ಮುಜುಗರವೋ ಹುಟ್ಟುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಊಹೆ ಎಂಬ ಮಾತನ್ನು. ಎದುರಿನವರು ನಿಜವಾಗಿ ಏನಂದುಕೊಂಡರು ಎಂಬುದು ನಮಗೆ ನೇರವಾಗಿ ಸಿಗುವುದೇ ಇಲ್ಲ. ಸಿಗುವುದು ಅವರ ಹುಬ್ಬು, ದನಿ, ಉತ್ತರಕ್ಕೆ ಮುಂಚಿನ ಆ ಸಣ್ಣ ತಡ, ಇಷ್ಟೇ. ಅದರಿಂದಲೇ ನಾವು ನಮ್ಮ ಬಗ್ಗೆ ಒಂದು ತೀರ್ಮಾನಕ್ಕೆ ಬರುತ್ತೇವೆ. ಸಭೆಯಲ್ಲಿ ಒಬ್ಬರು ಮಾತಾಡುವಾಗ ಪಕ್ಕದವರು ಆಕಳಿಸಿದರೆ, ಅವರಿಗೆ ರಾತ್ರಿ ನಿದ್ದೆಯಿಲ್ಲದಿದ್ದರೂ ಮಾತಾಡಿದವರು ಮನೆಗೆ ಒಯ್ಯುವುದು "ನನ್ನ ಮಾತು ಬೇಸರ ತರಿಸುತ್ತದೆ" ಎಂಬ ತೀರ್ಪನ್ನೇ.

ಕೂಲಿಯವರ ನಂತರ ಜಾರ್ಜ್ ಹರ್ಬರ್ಟ್ ಮೀಡ್ ಇದನ್ನು ಇನ್ನೂ ಆಳಕ್ಕೆ ಕೊಂಡೊಯ್ದರು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅವರು ಕೊಟ್ಟ ಉಪನ್ಯಾಸಗಳು ಅವರು ತೀರಿಕೊಂಡ ಮೇಲೆ, 1934ರಲ್ಲಿ ಪುಸ್ತಕವಾಗಿ ಬಂದವು. ಮೀಡ್ ಪ್ರಕಾರ ಮಗು 'ನಾನು' ಎಂಬ ಅರಿವಿನೊಂದಿಗೆ ಹುಟ್ಟುವುದಿಲ್ಲ. ಆಟದಲ್ಲಿ ಅಮ್ಮನಾಗಿ, ಟೀಚರ್ ಆಗಿ, ಡಾಕ್ಟರ್ ಆಗಿ ಮಾತಾಡುತ್ತಾ ತನ್ನನ್ನೇ ಹೊರಗಿನಿಂದ ನೋಡುವುದನ್ನು ಕಲಿಯುತ್ತದೆ. ಗೊಂಬೆಗೆ "ಹಾಗೆಲ್ಲ ಹಠ ಮಾಡಬಾರದು" ಎಂದು ಗದರುವ ಮಗು, ಹಠ ಮಾಡುವ ತನ್ನನ್ನು ದೊಡ್ಡವರು ಹೇಗೆ ನೋಡುತ್ತಾರೆ ಎಂಬುದನ್ನು ಅಭ್ಯಾಸ ಮಾಡುತ್ತಿರುತ್ತದೆ. ದೊಡ್ಡವರಾದ ಮೇಲೂ ನಾವು ಒಬ್ಬರೇ ಕೂತು ಯೋಚಿಸುವಾಗ ಇದು ನಿಲ್ಲುವುದಿಲ್ಲ. ತಲೆಯೊಳಗೇ ಪ್ರಶ್ನೆ, ಉತ್ತರ, ಸಮಜಾಯಿಷಿ ಎಲ್ಲ ನಡೆಯುತ್ತದೆ. ಏಕಾಂತದಲ್ಲೂ ಕೇಳುವವರೊಬ್ಬರು ಇದ್ದೇ ಇರುತ್ತಾರೆ.

ತೋರಿಸುವುದೆಲ್ಲ ಸುಳ್ಳೇ?

ಇರ್ವಿಂಗ್ ಗಾಫ್‌ಮನ್ ಹೆಸರು ಇಲ್ಲಿ ಬರಲೇಬೇಕು. ಕೆನಡಾದಲ್ಲಿ ಹುಟ್ಟಿದ ಈ ಸಮಾಜಶಾಸ್ತ್ರಜ್ಞ, ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಕೆಲಕಾಲ ಇದ್ದು ಅಲ್ಲಿನ ಜನರ ದಿನನಿತ್ಯದ ನಡವಳಿಕೆಯನ್ನು ಹತ್ತಿರದಿಂದ ನೋಡಿದರು. ಅಲ್ಲಿನ ಹೋಟೆಲಿನ ಕೆಲಸದವರು ಅಡುಗೆಮನೆಯಲ್ಲಿ ಒಂದು ಥರ ಇರುತ್ತಿದ್ದರು. ಬಾಗಿಲು ದಾಟಿ ಅತಿಥಿಗಳ ಮುಂದೆ ಬಂದಾಗ ಬೇರೆ ಥರ. 1956ರಲ್ಲಿ ಬಂದ ಅವರ ಪುಸ್ತಕ ದಿನನಿತ್ಯದ ಬದುಕನ್ನು ರಂಗಭೂಮಿಯ ಮಾತಿನಲ್ಲಿ ವಿವರಿಸಿತು. ಪ್ರೇಕ್ಷಕರ ಎದುರಿಗೆ ಒಂದು ಮುಂಭಾಗ. ತಯಾರಿಗೆ, ವಿಶ್ರಾಂತಿಗೆ, ಗೊಣಗಾಟಕ್ಕೆ ಒಂದು ಹಿಂಭಾಗ.

ಇದನ್ನು ಓದಿದ ಎಷ್ಟೋ ಜನ "ಅಂದರೆ ನಾವೆಲ್ಲ ನಾಟಕ ಮಾಡುತ್ತೇವೆ, ಮನುಷ್ಯರೆಲ್ಲ ಕಪಟಿಗಳು" ಎಂಬ ಅರ್ಥ ಮಾಡಿಕೊಳ್ಳುತ್ತಾರೆ. ಅದು ತಪ್ಪು ಓದು. ಮಗಳಿಗೆ ಜ್ವರ ಬಂದಾಗ ಅಪ್ಪ ತನ್ನ ಗಾಬರಿ ಅಡಗಿಸಿ "ಏನೂ ಆಗಲ್ಲ ಕಂದ" ಎನ್ನುತ್ತಾನೆ. ಅವನು ನಟಿಸುತ್ತಿದ್ದಾನೆಯೇ? ಒಂದು ಅರ್ಥದಲ್ಲಿ ಹೌದು. ಆದರೆ ಆ ಮಾತು ಹೇಳುವುದರಲ್ಲೇ ಅವನು ಅಪ್ಪನಾಗುತ್ತಾನೆ. ಗಾಬರಿಯೂ ಅವನದೇ, ಧೈರ್ಯವೂ ಅವನದೇ. ಎರಡರಲ್ಲಿ ಯಾವುದನ್ನು ಮುಂದಿಡಬೇಕು ಎಂಬ ಆಯ್ಕೆಯೂ ಅವನದೇ. ನಮ್ಮೊಳಗೆ ಇರುವುದರಲ್ಲಿ ಒಂದನ್ನು ಆರಿಸಿ ತೋರಿಸುವುದು ಬೇರೆ, ಇಲ್ಲದ್ದನ್ನು ಇದೆ ಎಂದು ನಂಬಿಸುವುದು ಬೇರೆ. ಮೊದಲನೆಯದಿಲ್ಲದೆ ಯಾವ ಸಂಬಂಧವೂ ನಡೆಯುವುದಿಲ್ಲ.

ಗಾಫ್‌ಮನ್ ಹೇಳಿದ ಇನ್ನೊಂದು ಮಾತು ನನಗೆ ರಂಗಭೂಮಿಯ ಹೋಲಿಕೆಗಿಂತ ಹೆಚ್ಚು ಬೆಲೆಯುಳ್ಳದ್ದು ಅನಿಸುತ್ತದೆ. 1955ರ ಒಂದು ಲೇಖನದಲ್ಲಿ ಅವರು ಮುಖ ಉಳಿಸಿಕೊಳ್ಳುವುದರ, ಅಂದರೆ ನಾಲ್ಕು ಜನರ ಮುಂದೆ ಮರ್ಯಾದೆ ಉಳಿಸಿಕೊಳ್ಳುವುದರ ಬಗ್ಗೆ ಬರೆದರು. ನಮ್ಮ ಮುಖವನ್ನು ನಾವೊಬ್ಬರೇ ಉಳಿಸಿಕೊಳ್ಳಲು ಆಗುವುದಿಲ್ಲ, ಎದುರಿನವರು ಕೈಜೋಡಿಸಬೇಕು. ಯಾರೋ ಮಾತಿನ ಮಧ್ಯೆ ಒಂದು ಹೆಸರನ್ನು ತಪ್ಪಾಗಿ ಹೇಳಿದರು ಅಂದುಕೊಳ್ಳಿ. ಕೇಳುವವರು ಕೇಳಿಸದ ಹಾಗೆ ಇದ್ದುಬಿಡುತ್ತಾರೆ, ಅಥವಾ ತಮ್ಮ ಸರದಿ ಬಂದಾಗ ಸರಿಯಾದ ಹೆಸರನ್ನು ಸಹಜವಾಗಿ ಬಳಸುತ್ತಾರೆ. ಯಾರ ಗಮನಕ್ಕೂ ಬಾರದಂತೆ ಒಬ್ಬರ ಮರ್ಯಾದೆ ಉಳಿಯುತ್ತದೆ. "ಅದು ತಪ್ಪು" ಎಂದು ಎಲ್ಲರ ಮುಂದೆ ಹೇಳಿದ್ದರೂ ಮಾಹಿತಿ ಅದೇ ಇರುತ್ತಿತ್ತು. ಆದರೆ ಆ ಮನುಷ್ಯ ಅಲ್ಲಿ ಯಾರಾಗಿ ಉಳಿಯುತ್ತಿದ್ದರು ಎಂಬುದು ಬದಲಾಗುತ್ತಿತ್ತು.

ಕೇಳುವವರು ಏನೇನು ಮಾಡುತ್ತಾರೆ

1977ರಲ್ಲಿ ಮಾರ್ಕ್ ಸ್ನೈಡರ್, ಎಲಿಜಬೆತ್ ಟ್ಯಾಂಕ್ ಮತ್ತು ಎಲೆನ್ ಬರ್ಶೀಡ್ ಅಮೆರಿಕದಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಪರಿಚಯವಿಲ್ಲದ ಹುಡುಗ ಹುಡುಗಿಯರನ್ನು ಫೋನಿನಂಥ ಸಲಕರಣೆಯಲ್ಲಿ ಮಾತಾಡಲು ಬಿಟ್ಟರು. ಮಾತಿಗೆ ಮೊದಲು ಹುಡುಗನಿಗೆ "ಇವಳ ಜೊತೆ ಮಾತಾಡುತ್ತೀರಿ" ಎಂದು ಒಂದು ಫೋಟೋ ತೋರಿಸಿದರು. ಕೆಲವರಿಗೆ ತುಂಬಾ ಚೆಂದದ ಹುಡುಗಿಯ ಫೋಟೋ, ಕೆಲವರಿಗೆ ಅಷ್ಟು ಚೆಂದವಲ್ಲದ್ದು. ಫೋಟೋದಲ್ಲಿದ್ದವಳಿಗೂ ಮಾತಾಡಿದವಳಿಗೂ ಸಂಬಂಧವೇ ಇರಲಿಲ್ಲ. ಫೋಟೋ ತೋರಿಸಿದ್ದು ಹುಡುಗಿಗೆ ಗೊತ್ತೂ ಇರಲಿಲ್ಲ.

ಆಮೇಲೆ ಧ್ವನಿಮುದ್ರಿಸಿಕೊಂಡ ಮಾತಿನಲ್ಲಿ ಹುಡುಗಿಯ ದನಿಯನ್ನು ಮಾತ್ರ ಬೇರೆ ಮಾಡಿ ಹೊರಗಿನವರಿಗೆ ಕೇಳಿಸಿದರು. ಅವರಿಗೆ ಈ ಫೋಟೋ ವಿಷಯ ಗೊತ್ತಿಲ್ಲ. ಚೆಂದದವಳು ಎಂದು ಹುಡುಗ ನಂಬಿದ್ದ ಕರೆಗಳಲ್ಲಿ ಆ ಹುಡುಗಿಯರು ಹೆಚ್ಚು ಸ್ನೇಹದಿಂದ, ಬೆರೆಯುವ ಗುಣದಿಂದ ಮಾತಾಡಿದ್ದಾರೆ ಎಂದು ಅವರು ಗುರುತಿಸಿದರು. ಆಗಿದ್ದು ಇಷ್ಟೇ: ಹುಡುಗ ತನ್ನ ನಂಬಿಕೆಗೆ ತಕ್ಕ ಹಾಗೆ ಹೆಚ್ಚು ಆಸಕ್ತಿಯಿಂದ ಮಾತಾಡಿದ. ಆ ಆಸಕ್ತಿಗೆ ಅವಳು ಅರಳಿದಳು. ಅವನು ಅಂದುಕೊಂಡದ್ದೇ ಅವಳ ದನಿಯಲ್ಲಿ ನಿಜವಾಯಿತು. ಅವಳನ್ನು ಕೇಳಿದ್ದರೆ "ನಾನು ಇರೋದೇ ಹೀಗೆ" ಎನ್ನುತ್ತಿದ್ದಳೇನೋ.

ಈ ಪ್ರಯೋಗವನ್ನು ಪೂರ್ವಗ್ರಹದ ಪಾಠವಾಗಿ ಹೇಳುವವರೇ ಜಾಸ್ತಿ. ನನಗೆ ಕಾಣುವುದು ಇನ್ನೊಂದು ವಿಷಯ. ಮಾತುಕತೆಯ ಒಂದು ಕಡೆಯನ್ನು ಮಾತ್ರ ಕೇಳಿ ಒಬ್ಬರ ಸ್ವಭಾವವನ್ನು ಅಳೆಯಲು ಹೊರಟರೆ ಅರ್ಧ ಲೆಕ್ಕ ಬಿಟ್ಟುಹೋಗುತ್ತದೆ. "ಅವಳು ಮಾತೇ ಆಡಲ್ಲ" ಎಂದು ಒಬ್ಬರು ಹೇಳುವ ಹುಡುಗಿಯನ್ನೇ ಇನ್ನೊಬ್ಬರು "ಬಾಯಿ ಮುಚ್ಚೋದೇ ಇಲ್ಲ" ಎನ್ನುತ್ತಾರೆ, ಅಲ್ವಾ? ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕೇಳುವ ರೀತಿಯೇ ಮಾತನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಕೆನಡಾದ ಜಾನೆಟ್ ಬವೇಲಾಸ್ ಮತ್ತು ಸಂಗಡಿಗರ ಕೆಲಸ ನೋಡಬೇಕು. ಅದು 2000ದಲ್ಲಿ ಪ್ರಕಟವಾಯಿತು. ಸ್ವಲ್ಪದರಲ್ಲೇ ಅಪಾಯದಿಂದ ಪಾರಾದ ತಮ್ಮ ಸ್ವಂತ ಅನುಭವವನ್ನು ಹೇಳಿ ಎಂದು ಜನರನ್ನು ಕೇಳಿದರು. ಕೆಲವು ಕೇಳುಗರಿಗೆ ಒಂದು ಗುಟ್ಟಿನ ಕೆಲಸ ಕೊಟ್ಟಿದ್ದರು. ಹೇಳುವವರ ಬಾಯಿಂದ ಇಂಗ್ಲಿಷಿನ 'ಟಿ' ಅಕ್ಷರದಿಂದ ಶುರುವಾಗುವ ಪದ ಬಂದಾಗಲೆಲ್ಲ ಒಂದು ಗುಂಡಿ ಒತ್ತಬೇಕು. ಈ ಕೇಳುಗರು ಪದಗಳನ್ನು ಎಣಿಸುತ್ತಿದ್ದರು, ಕಥೆ ಅವರ ಒಳಗೆ ಇಳಿಯುತ್ತಿರಲಿಲ್ಲ. ತಲೆ ಆಡಿಸುವುದು, 'ಹೂಂ' ಅನ್ನುವುದು ಕಡಿಮೆಯಾಯಿತು. "ಅಯ್ಯೋ!" ಎಂದು ಬೆಚ್ಚುವುದು, ಹೇಳುವವರ ಜೊತೆ ಮುಖ ಹಿಂಡುವುದು ಹೆಚ್ಚುಕಡಿಮೆ ನಿಂತೇಹೋಯಿತು.

ಇದರಿಂದ ಹೇಳುವವರ ಕಥೆಯೇ ಕೆಟ್ಟಿತು. ಅದೂ ಎಲ್ಲಕ್ಕಿಂತ ಮುಖ್ಯವಾದ ಕೊನೆಯ ಘಟ್ಟದಲ್ಲಿ. ಅವರು ತಡವರಿಸಿದರು. ಮುಗಿದ ಕಥೆಯನ್ನೇ ಸುತ್ತಿ ಸುತ್ತಿ ಹೇಳಿದರು. ಅದು ಯಾಕೆ ಅಷ್ಟು ಅಪಾಯದ ಗಳಿಗೆಯಾಗಿತ್ತು ಎಂದು ಸಮರ್ಥಿಸಿಕೊಳ್ಳಲು ಹೊರಟರು. ತಮ್ಮದೇ ಬದುಕಿನಲ್ಲಿ ನಡೆದದ್ದನ್ನು ಹೇಳಲು ಅವರಿಗೆ ಬರದಂತಾಯಿತು, ಏಕೆಂದರೆ ಎದುರಿಗಿದ್ದವರಿಗೆ ಅದು ತಾಗುತ್ತಲೇ ಇರಲಿಲ್ಲ. ಮೊಬೈಲ್ ನೋಡುತ್ತಾ "ಹೇಳು, ಕೇಳಿಸ್ಕೋತಿದೀನಿ" ಎನ್ನುವವರ ಮುಂದೆ ಮಾತಾಡಿದ ಯಾರಿಗಾದರೂ ಇದು ಗೊತ್ತಿರುತ್ತದೆ.

ಇದರ ಪರಿಣಾಮ ಆ ಕ್ಷಣಕ್ಕೇ ಮುಗಿಯುವುದಿಲ್ಲ. ಮೊನೀಶಾ ಪಸುಪತಿ ಮತ್ತು ಸಂಗಡಿಗರು 1998ರಲ್ಲಿ ಇದನ್ನು ತೋರಿಸಿದರು. ಗಮನ ಕೊಟ್ಟು ಕೇಳುವವರಿಗೆ ಹೇಳಿದ ವಿಷಯ ಹೇಳಿದವರ ನೆನಪಿನಲ್ಲಿ ಮುಂದೆಯೂ ಚೆನ್ನಾಗಿ ಉಳಿಯುತ್ತದೆ. ಗಮನವಿಲ್ಲದ ಕೇಳುಗರಿಗೆ ಹೇಳಿದ್ದು ಅಷ್ಟಾಗಿ ಉಳಿಯುವುದಿಲ್ಲ. ಇದನ್ನು ಬದುಕಿನ ದೊಡ್ಡ ಲೆಕ್ಕಕ್ಕೆ ಹಚ್ಚಿ ನೋಡಿ. ನಮ್ಮ ಬಗ್ಗೆ ನಮಗಿರುವ ತಿಳಿವಳಿಕೆ ಬಹಳಷ್ಟು ಮಟ್ಟಿಗೆ ನಾವು ಹೇಳಿಕೊಂಡು ಬಂದ ಕಥೆಗಳಿಂದ ಆದದ್ದು. "ನಾನು ಕಷ್ಟದಲ್ಲೂ ಬಿಡದವನು", "ನನಗೆ ಎಲ್ಲರೂ ಕೈಕೊಡುತ್ತಾರೆ" ಎಂಬಂಥ ಮಾತಿನ ಹಿಂದೆ ಹತ್ತು ಸಲ ಹೇಳಿದ ನಾಲ್ಕು ಘಟನೆಗಳಿರುತ್ತವೆ. ಯಾವ ಘಟನೆಗೆ ಕಿವಿ ಸಿಕ್ಕಿತೋ ಅದು ಗಟ್ಟಿಯಾಗುತ್ತದೆ, ಸಿಗದಿದ್ದದ್ದು ಮಸುಕಾಗುತ್ತಾ ಹೋಗುತ್ತದೆ. ಅಂದರೆ ನಮ್ಮ ಕಥೆಯಲ್ಲಿ ಏನು ಉಳಿಯಬೇಕು ಎಂಬುದನ್ನು ಒಂದಷ್ಟು ಮಟ್ಟಿಗೆ ಕೇಳಿದವರು ನಿರ್ಧರಿಸಿದ್ದಾರೆ.

ಮಕ್ಕಳಲ್ಲಿ ಇದು ಇನ್ನೂ ಸ್ಪಷ್ಟ. ರಾಬಿನ್ ಫೈವುಷ್ ಮತ್ತು ಎಲೇನ್ ರೀಸ್ ಅವರಂಥ ಸಂಶೋಧಕರು ತಾಯಂದಿರು ಮಕ್ಕಳೊಡನೆ ಹಳೆಯದನ್ನು ನೆನಪಿಸಿಕೊಳ್ಳುವ ಬಗೆಯನ್ನು ವರ್ಷಗಟ್ಟಲೆ ನೋಡಿದ್ದಾರೆ. ಕೆಲವರು "ಅವತ್ತು ಎಲ್ಲಿಗೆ ಹೋಗಿದ್ದು ಹೇಳು" ಎಂದು ಪರೀಕ್ಷೆಯ ಹಾಗೆ ಕೇಳಿ ಬಿಡುತ್ತಾರೆ. ಕೆಲವರು ಮಗು ಹೇಳಿದ್ದಕ್ಕೆ ಒಂದೆಳೆ ಸೇರಿಸುತ್ತಾರೆ: "ಹೌದು, ಆಮೇಲೆ ಮಳೆ ಬಂತು ಅಲ್ವಾ? ನಿನಗೆ ಭಯ ಆಗಿತ್ತಾ?" ಎರಡನೆಯ ಬಗೆಯ ಮಾತು ಕೇಳಿ ಬೆಳೆದ ಮಕ್ಕಳು ತಮ್ಮ ಬಗ್ಗೆ ಹೆಚ್ಚು ವಿವರವಾಗಿ, ಹೆಚ್ಚು ಕೂಡಿಸಿ ಹೇಳಬಲ್ಲವರಾಗುತ್ತಾರೆ. ಮಗುವಿಗೆ ತನ್ನದೇ ಅನುಭವ ತನ್ನದಾಗುವುದು ಇನ್ನೊಬ್ಬರು ಅದನ್ನು ಜೊತೆಗೆ ಹಿಡಿದುಕೊಂಡಾಗ.

ಮಾತು ಕೊಡುವ ಜಾಗ

ಎಲ್ಲ ಕೇಳುವಿಕೆಯೂ ಅರಳಿಸುವುದಿಲ್ಲ. ಮಾತು ಜನರನ್ನು ಕೂರಿಸಿದಲ್ಲೇ ಕೂರಿಸಿಯೂಬಿಡುತ್ತದೆ. ಬ್ರಾನ್ವಿನ್ ಡೇವಿಸ್ ಮತ್ತು ರೋಮ್ ಹಾರೆ 1990ರಲ್ಲಿ ಇದನ್ನು 'ಪೊಸಿಷನಿಂಗ್' ಎಂಬ ಹೆಸರಿನಲ್ಲಿ ವಿವರಿಸಿದರು. ಪ್ರತಿ ಮಾತೂ ಹೇಳುವವರಿಗೆ ಒಂದು ಜಾಗ, ಕೇಳುವವರಿಗೆ ಒಂದು ಜಾಗ ಹಂಚುತ್ತದೆ ಎಂಬುದು ಅವರ ವಾದ.

ಒಂದು ಸಾಧಾರಣ ಸಂದರ್ಭ ನೋಡೋಣ. ಒಂದು ಅರ್ಜಿ ತುಂಬಬೇಕು. ತಂಗಿ, "ಕೊಡಣ್ಣ, ನಾನು ತುಂಬ್ತೀನಿ" ಎನ್ನುತ್ತಾಳೆ. ಅಣ್ಣ, "ಬಿಡೇ, ನಿನಗೆ ಇದೆಲ್ಲ ತಲೆಗೆ ಹೋಗಲ್ಲ, ನಾನೇ ಮಾಡ್ತೀನಿ" ಎನ್ನುತ್ತಾನೆ. ಅವನ ದನಿಯಲ್ಲಿ ಸಿಟ್ಟಿಲ್ಲ, ಪ್ರೀತಿಯೇ ಇದೆ. ಆದರೂ ಆ ಒಂದು ಮಾತಿನಲ್ಲಿ ಎರಡು ಜಾಗ ಹಂಚಿಕೆಯಾದವು: ತಿಳಿದವನು ಮತ್ತು ತಿಳಿಯದವಳು. ಈಗ ಅವಳ ಸರದಿ. "ಸರಿ, ನೀನೇ ಮಾಡು" ಎಂದರೆ ಕೊಟ್ಟ ಜಾಗದಲ್ಲಿ ಕೂತಂತೆ. "ಹೋದ ಸಲ ನಾನೇ ತಾನೇ ತುಂಬಿದ್ದು?" ಎಂದರೆ ಎದ್ದು ನಿಂತಂತೆ. ನಕ್ಕು ಸುಮ್ಮನಾದರೆ ಎರಡೂ ಅಲ್ಲ, ಆದರೆ ಮುಂದಿನ ಸಲಕ್ಕೆ ಅದು ಒಪ್ಪಿಗೆಯಾಗಿಯೇ ಲೆಕ್ಕಕ್ಕೆ ಬರುತ್ತದೆ. ಒಂದು ಸಲಕ್ಕೆ ಇದು ಏನೂ ಅಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಒಂದು ದಿನ ಅವಳೇ ಯಾರಿಗೋ "ನನಗೆ ಫಾರ್ಮು ಗೀರ್ಮು ಎಲ್ಲ ಗೊತ್ತಾಗಲ್ಲಪ್ಪ" ಎನ್ನುತ್ತಾಳೆ. ಹೇಳುವಾಗ ಅದು ಅವಳ ಸ್ವಭಾವದ ಹಾಗೇ ಕೇಳಿಸುತ್ತದೆ.

ಮನೆಗಳಲ್ಲಿ ಈ ಜಾಗಗಳು ಬಹಳ ಬೇಗ ಗಟ್ಟಿಯಾಗುತ್ತವೆ. ಒಬ್ಬ ಜಾಣ, ಒಬ್ಬಳು ಮುಂಗೋಪಿ, ಒಬ್ಬ ಯಾವುದಕ್ಕೂ ಬಾರದವನು. ಹೊರಗೆ ಹತ್ತು ಜನರಿಗೆ ಕೆಲಸ ಹೇಳುವವರೂ ಒಡಹುಟ್ಟಿದವರ ನಡುವೆ ಕೂತ ಅರ್ಧ ಗಂಟೆಯಲ್ಲಿ ಹಳೆಯ ಜಾಗಕ್ಕೇ ಜಾರುತ್ತಾರೆ. ಅವರು ಬದಲಾಗಿಲ್ಲ ಎಂದಲ್ಲ. ಬದಲಾದ ಅವರನ್ನು ಅಲ್ಲಿ ಯಾರೂ ಮಾತಾಡಿಸುತ್ತಿಲ್ಲ, ಅಷ್ಟೇ.

ಈ ಹಂಚಿಕೆಯನ್ನು ಒಳ್ಳೆಯದಕ್ಕೂ ಬಳಸಬಹುದು. 1975ರಲ್ಲಿ ರಿಚರ್ಡ್ ಮಿಲ್ಲರ್ ಮತ್ತು ಸಂಗಡಿಗರು ಐದನೇ ತರಗತಿಯ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಒಂದು ತರಗತಿಗೆ "ನೀವು ಶುಚಿಯಾಗಿರಬೇಕು, ಕಸ ಹಾಕಬಾರದು" ಎಂದು ಮತ್ತೆ ಮತ್ತೆ ಬುದ್ಧಿ ಹೇಳಿದರು. ಇನ್ನೊಂದಕ್ಕೆ "ನೀವು ಶುಚಿಯಾಗಿರುವ ಮಕ್ಕಳು" ಎಂದು ಹೇಳುತ್ತಾ ಬಂದರು. ಕಸ ಕಡಿಮೆಯಾಗಿದ್ದು, ಹಾಗೇ ಉಳಿದದ್ದು ಎರಡನೆಯ ತರಗತಿಯಲ್ಲಿ. ಬುದ್ಧಿಮಾತಿನಲ್ಲಿ "ಈಗ ನೀನು ಹಾಗಿಲ್ಲ" ಎಂಬ ಮಾತು ಅಡಗಿರುತ್ತದೆ. ಮಕ್ಕಳಿಗೆ ಕೇಳಿಸುವುದು ಅದೇ.

ಮಾತಿನ ಧಾಟಿಯೂ ಜಾಗ ಹಂಚುತ್ತದೆ. ಬ್ರಿಟನ್ನಿನ ಹೊವರ್ಡ್ ಗೈಲ್ಸ್ 1970ರ ದಶಕದಿಂದ ಇದರ ಬಗ್ಗೆ ಕೆಲಸ ಮಾಡಿದರು. ಇಷ್ಟವಾದವರ ಜೊತೆ ಮಾತಾಡುವಾಗ ನಮ್ಮ ವೇಗ, ಉಚ್ಚಾರ, ಪದಗಳು ಗೊತ್ತಿಲ್ಲದೆಯೇ ಅವರ ಕಡೆಗೆ ವಾಲುತ್ತವೆ. ದೂರ ಇಡಬೇಕೆನಿಸಿದರೆ ಬೇರೆಯಾಗುತ್ತವೆ. ಗೈಲ್ಸ್ ಮತ್ತು ರಿಚರ್ಡ್ ಬೂರ್ಹಿಸ್ ವೇಲ್ಸ್‌ನಲ್ಲಿ ವೆಲ್ಷ್ ಭಾಷೆ ಕಲಿಯುತ್ತಿದ್ದ ಜನರನ್ನು ಮಾತಾಡಿಸಿದ ಪ್ರಯೋಗವೊಂದು 1977ರಲ್ಲಿ ಪ್ರಕಟವಾಯಿತು. ಪ್ರಶ್ನೆ ಕೇಳುತ್ತಿದ್ದವರು ಅಚ್ಚ ಇಂಗ್ಲಿಷ್ ಉಚ್ಚಾರದಲ್ಲಿ "ಸಾಯುತ್ತಿರುವ ಭಾಷೆಯನ್ನು ಯಾಕೆ ಕಲಿಯುತ್ತೀರಿ" ಎಂಬ ಅರ್ಥ ಬರುವಂತೆ ಕೆಣಕಿದರು. ತಮ್ಮ ನುಡಿಯನ್ನು ಪ್ರೀತಿಸುತ್ತಿದ್ದವರ ಇಂಗ್ಲಿಷಿನಲ್ಲಿ ಆ ಕೂಡಲೇ ವೆಲ್ಷ್ ಉಚ್ಚಾರ ದಟ್ಟವಾಯಿತು. "ನಾನು ನಿಮ್ಮವನಲ್ಲ" ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ನಾಲಿಗೆಯೇ ಹೇಳಿತು.

ಹತ್ತಿರವಾದಾಗ

ಸಂಬಂಧ ಗಾಢವಾದಷ್ಟೂ ಕೇಳುವವರ ಪಾಲು ಹೆಚ್ಚುತ್ತದೆ. ಮನೋವಿಜ್ಞಾನಿ ಆರ್ಥರ್ ಆರನ್ 1997ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ನೀವು ಕೇಳಿರಬಹುದು. ಅಪರಿಚಿತರಿಬ್ಬರು 36 ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳಬೇಕು, ಸುಮಾರು 45 ನಿಮಿಷ. ಪ್ರಶ್ನೆಗಳು ಹಗುರವಾಗಿ ಶುರುವಾಗಿ ಆಳಕ್ಕೆ ಇಳಿಯುತ್ತವೆ. ಸುಮ್ನೆ ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಇವರಿಗೆ ಹೆಚ್ಚು ಆಪ್ತತೆ ಹುಟ್ಟಿತು. ಜನ ಇದನ್ನು ಪ್ರೀತಿ ಹುಟ್ಟಿಸುವ ಉಪಾಯ ಎಂದು ಹಂಚಿಕೊಂಡರು. ಅದರ ಗುಟ್ಟು ಪ್ರಶ್ನೆಗಳಲ್ಲಷ್ಟೇ ಇಲ್ಲ. ಸರದಿಯ ಮೇಲೆ ಇಬ್ಬರೂ ಒಂದೊಂದು ಹೆಜ್ಜೆ ತೆರೆದುಕೊಳ್ಳುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಒಬ್ಬರು ಮಾತ್ರ ಹೇಳಿಕೊಂಡು ಇನ್ನೊಬ್ಬರು ಮುಚ್ಚಿಕೊಂಡೇ ಇದ್ದರೆ ಆಗುವುದು ವಿಚಾರಣೆ.

ಹೀಗೆ ಹೇಳಿಕೊಂಡ ಮೇಲೆ ಇನ್ನೊಂದು ತೊಡಕು ಶುರುವಾಗುತ್ತದೆ. ಸಂವಹನ ಸಂಶೋಧಕಿ ಸಾಂಡ್ರಾ ಪೆಟ್ರೋನಿಯೋ ಹೇಳುವ ಪ್ರಕಾರ, ನಾವು ಹೇಳಿದ ಗುಟ್ಟಿಗೆ ಕೇಳಿದವರೂ ಪಾಲುದಾರರಾಗುತ್ತಾರೆ. ಯಾರಿಗೆ ಹೇಳಬಹುದು, ಯಾರಿಗೆ ಬೇಡ ಎಂಬ ಗಡಿಯನ್ನು ಇನ್ನು ಇಬ್ಬರೂ ಕಾಯಬೇಕು. ಗೆಳತಿಗೆ ಹೇಳಿದ ಮಾತು ಅವಳ ಗಂಡನ ಬಾಯಲ್ಲಿ ಕೇಳಿದಾಗ ಆಗುವ ನೋವು ಬರೀ ಮಾಹಿತಿ ಸೋರಿದ್ದರ ನೋವಲ್ಲ. ಅವಳಿಗೆ ಮಾತ್ರ ತೋರಿಸಿದ್ದ ನಮ್ಮ ಒಂದು ಮುಖವನ್ನು, ನಾವು ಆರಿಸದವರೊಬ್ಬರು ಈಗ ನೋಡುತ್ತಿದ್ದಾರೆ.

ದೀರ್ಘ ಸಂಬಂಧದಲ್ಲಿ ಎದುರಿನವರು ನಮ್ಮನ್ನು ಕೆತ್ತುತ್ತಾ ಹೋಗುತ್ತಾರೆ. ಸ್ಟೀಫನ್ ಡ್ರಿಗೋಟಾಸ್, ಕ್ಯಾರಿಲ್ ರಸ್‌ಬಲ್ಟ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು 'ಮೈಕೆಲೇಂಜೆಲೊ ಪರಿಣಾಮ' ಎಂದು ಕರೆದರು. ಕಲ್ಲಿನೊಳಗೆ ಮೊದಲೇ ಇರುವ ಮೂರ್ತಿಯನ್ನು ಹೊರತೆಗೆಯುವುದೇ ಶಿಲ್ಪಿಯ ಕೆಲಸ ಎಂಬ ಕಲ್ಪನೆಯಿಂದ ಬಂದ ಹೆಸರದು. ನಾವು ಏನಾಗಬೇಕೆಂದು ಬಯಸುತ್ತೇವೋ, ಸಂಗಾತಿ ನಮ್ಮನ್ನು ಅದಾಗಲೇ ಹಾಗಿರುವವರಂತೆ ಕಂಡು ಮಾತಾಡಿಸಿದರೆ ನಾವು ಅದರ ಹತ್ತಿರಕ್ಕೆ ಸರಿಯುತ್ತೇವೆ, ಸಂಬಂಧವೂ ಚೆನ್ನಾಗಿರುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಶಿಲ್ಪಿಗೆ ಬೇಕಾದ ಮೂರ್ತಿ ಬೇರೆ, ನಾವು ಆಗಬಯಸುವುದು ಬೇರೆ. ಹೆಂಡತಿ ಬರೆಯಬೇಕೆಂದು ಬಯಸುತ್ತಾಳೆ, ಗಂಡ ಅವಳ ಲೆಕ್ಕಪತ್ರದ ಜಾಣ್ಮೆಯನ್ನು ಮಾತ್ರ ಹೊಗಳುತ್ತಾನೆ. ಹೊಗಳಿಕೆ ನಿಜವೇ ಇರಬಹುದು. ಆದರೂ ಅವಳು ಕರಗುತ್ತಾ ಹೋಗುತ್ತಾಳೆ.

ಹಾಗಾದರೆ ಎಲ್ಲರಿಗೂ ಬೇಕಾಗಿರುವುದು ಮೆಚ್ಚುಗೆಯೇ? ವಿಲಿಯಂ ಸ್ವಾನ್ ಅವರ ಕೆಲಸ ಈ ಊಹೆಯನ್ನು ಅಲುಗಾಡಿಸುತ್ತದೆ. 1992ರ ಒಂದು ಅಧ್ಯಯನದಲ್ಲಿ ಅವರು ಮತ್ತು ಸಂಗಡಿಗರು ಮದುವೆಯಾದವರನ್ನು ನೋಡಿದರು. ತಮ್ಮ ಬಗ್ಗೆ ಕೀಳು ಭಾವನೆ ಇದ್ದವರು, ತಮ್ಮನ್ನು ಕೀಳಾಗಿ ಕಾಣುವ ಸಂಗಾತಿಗೇ ಹೆಚ್ಚು ಅಂಟಿಕೊಂಡಿದ್ದರು. ಕೇಳಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಆದರೆ ಅದರ ಕಾರಣ ಮಾನವೀಯವಾದದ್ದು. ತನ್ನನ್ನು ತಾನು ತಿಳಿದ ಹಾಗೆಯೇ ಇನ್ನೊಬ್ಬರೂ ತಿಳಿದಿದ್ದಾರೆ ಎಂಬುದು ನೆಲ ಗಟ್ಟಿಯಾಗಿದೆ ಎಂಬ ಭರವಸೆ ಕೊಡುತ್ತದೆ. ಹೊಗಳಿಕೆ ಬಂದರೆ "ಇವರಿಗೆ ನಾನು ಗೊತ್ತಿಲ್ಲ, ಗೊತ್ತಾದ ದಿನ ಬಿಟ್ಟುಹೋಗುತ್ತಾರೆ" ಎಂಬ ಭಯ ಶುರುವಾಗುತ್ತದೆ. ಅದಕ್ಕೇ ಕುಗ್ಗಿದವರಿಗೆ "ನೀನು ಗ್ರೇಟ್" ಎಂದರೆ ಆ ಮಾತು ಹೊರಗೇ ಉಳಿಯುತ್ತದೆ. "ಅವತ್ತು ಅಷ್ಟು ಜನರ ಮುಂದೆ ನೀನೊಬ್ಬನೇ ಆ ಪ್ರಶ್ನೆ ಕೇಳಿದೆ, ನಾನು ನೋಡಿದ್ದೀನಿ" ಎಂಬಂಥ ಕಂಡದ್ದನ್ನು ಕಂಡ ಹಾಗೆ ಹೇಳುವ ಮಾತಿಗೆ ಒಳಗೆ ಹೋಗುವ ದಾರಿ ಇದೆ. ಅವರು ಅದನ್ನು ಸುಳ್ಳೆಂದು ತಳ್ಳಿಹಾಕಲು ಆಗುವುದಿಲ್ಲ.

ಇಷ್ಟು ಹೆಣೆದುಕೊಂಡದ್ದು ಕಡಿದುಹೋದರೆ? ಎರಿಕಾ ಸ್ಲಾಟರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರೇಮ ಸಂಬಂಧ ಮುರಿದ ಮೇಲೆ ಜನರಿಗೆ 'ನಾನು ಯಾರು' ಎಂಬ ಸ್ಪಷ್ಟತೆಯೇ ಕಡಿಮೆಯಾಗುತ್ತದೆ, ಆ ಅಸ್ಪಷ್ಟತೆ ಅವರ ಸಂಕಟವನ್ನೂ ಹೆಚ್ಚಿಸುತ್ತದೆ. ಅವರ ಜೊತೆಗಿದ್ದಾಗ ಹೊರಬರುತ್ತಿದ್ದ ನಗು, ಆ ಮಾತಿನ ಧಾಟಿ, ಇಬ್ಬರಿಗೆ ಮಾತ್ರ ತಿಳಿಯುತ್ತಿದ್ದ ಅಡ್ಡಹೆಸರು, ಇವಕ್ಕೆಲ್ಲ ಈಗ ಕೇಳುವವರಿಲ್ಲ. "ಮರೆತು ಮುಂದೆ ಹೋಗು" ಎನ್ನುವವರು ಈ ನಷ್ಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಫೋನಿನ ತೆರೆಯ ಮೇಲೆ ನಡೆಯುವ ಸಂಬಂಧಕ್ಕೂ ಇವೇ ನಿಯಮಗಳು, ಒಂದೆರಡು ವ್ಯತ್ಯಾಸ ಬಿಟ್ಟರೆ. ಅಲ್ಲಿ ಬರೆದು ಅಳಿಸಿ ತಿದ್ದಲು ಸಮಯವಿದೆ. ಓದುವವರೂ ಖಾಲಿ ಜಾಗವನ್ನು ತಮಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತಾರೆ. ಹಾಗಾಗಿ ಎದುರಾಬದುರು ಕೂತಾಗಿನದಕ್ಕಿಂತ ಹೆಚ್ಚು ಬೇಗ, ಹೆಚ್ಚು ಗಾಢವಾಗಿ ಆಪ್ತತೆ ಬೆಳೆಯಬಹುದು ಎಂದು ಜೋಸೆಫ್ ವಾಲ್ಥರ್ 1996ರಲ್ಲೇ ಹೇಳಿದ್ದರು. ಅಲ್ಲಿ ಇನ್ನೊಂದು ತೊಂದರೆಯೂ ಇದೆ. ಬೇರೆ ಬೇರೆ ಕೋಣೆಗಳಲ್ಲಿದ್ದ ಪ್ರೇಕ್ಷಕರೆಲ್ಲ ಒಂದೇ ಕಡೆ ಸೇರುತ್ತಾರೆ. ಗೆಳೆಯರಿಗೆಂದು ಹಾಕಿದ ಸ್ಟೇಟಸ್ಸನ್ನು ಸೋದರಮಾವನೂ ಮ್ಯಾನೇಜರೂ ಒಟ್ಟಿಗೆ ನೋಡುತ್ತಾರೆ. ಯಾರ ಮುಂದೆ ಯಾರಾಗಿರಬೇಕು ಎಂದು ತಿಳಿಯದೆ ಎಷ್ಟೋ ಜನ ಹಬ್ಬದ ಶುಭಾಶಯಕ್ಕೆ ಇಳಿದುಬಿಡುತ್ತಾರೆ.

ಕೇಳುವವರ ಪಾಲು ಎಷ್ಟು ದೊಡ್ಡದು ಎಂಬುದು ಪೂರ್ತಿಯಾಗಿ ತಿಳಿಯುವುದು ಮರೆವಿನ ಕಾಯಿಲೆಯಲ್ಲಿ. ಸ್ಟೀವನ್ ಸಬಾಟ್ ಮತ್ತು ರೋಮ್ ಹಾರೆ 1992ರಲ್ಲಿ ಆಲ್‌ಝೈಮರ್ಸ್ ಇರುವವರ ಬಗ್ಗೆ ಬರೆದರು. ರೋಗಿಯ ವ್ಯಕ್ತಿತ್ವ ಅಳಿಸಿಹೋಗುತ್ತದೆ ಎಂದು ನಾವು ಹೇಳುತ್ತೇವೆ. ಆದರೆ ಅದರಲ್ಲಿ ಒಂದು ಭಾಗವನ್ನು ಅಳಿಸುವುದು ಕಾಯಿಲೆಯಲ್ಲ, ಸುತ್ತಲಿನವರ ಮಾತು ಎಂಬುದು ಅವರ ವಾದ. 'ನಾನು', 'ನನ್ನ' ಎಂದು ಹೇಳುವ ಶಕ್ತಿ ಕಾಯಿಲೆ ಬಹಳ ಮುಂದುವರಿದ ಮೇಲೂ ಉಳಿದಿರುತ್ತದೆ. ಆದರೆ ಮೇಷ್ಟ್ರಾಗಿ, ತಾಯಾಗಿ, ಗೆಳೆಯನಾಗಿ ಇರಲು ಎದುರಿನವರ ಸಹಕಾರ ಬೇಕು. ಡಾಕ್ಟರು ಎದುರಿಗೇ ಕೂತ ವೃದ್ಧರನ್ನು ಬಿಟ್ಟು ಮಗನ ಕಡೆ ತಿರುಗಿ "ಇವರಿಗೆ ರಾತ್ರಿ ನಿದ್ದೆ ಬರುತ್ತಾ?" ಎಂದಾಗ ಆ ಸಹಕಾರ ನಿಂತುಹೋಗುತ್ತದೆ. ಮಗನೂ ಅದಕ್ಕೆ ಉತ್ತರ ಕೊಟ್ಟರೆ ಅವರಿಗೆ ರೋಗಿ ಎಂಬ ಜಾಗ ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಸಬಾಟ್ ಹಲವು ತಿಂಗಳು ಮಾತಾಡಿದವರಲ್ಲಿ ಒಬ್ಬರು ನಿವೃತ್ತ ವಿಜ್ಞಾನಿ. ಹೊತ್ತು ಕಳೆಯಲು ಆಡಿಸುವ ಆಟಗಳಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಆದರೆ ಸಬಾಟ್ ಜೊತೆಗಿನ ಮಾತುಕತೆಯನ್ನು ಅವರು 'ಪ್ರಾಜೆಕ್ಟ್' ಎಂದು ಕರೆಯುತ್ತಿದ್ದರು, ತಾವೂ ಅದರಲ್ಲಿ ಕೆಲಸ ಮಾಡುತ್ತಿರುವ ಒಬ್ಬ ವಿಜ್ಞಾನಿ ಎಂಬಂತೆ. ಪದಗಳು ಕೈಗೆ ಸಿಗುತ್ತಿರಲಿಲ್ಲ, ವಾಕ್ಯ ಮುರಿಯುತ್ತಿತ್ತು. ಸಬಾಟ್ ಅವರನ್ನು ಜೊತೆಗೆಲಸದವರಂತೆಯೇ ಮಾತಾಡಿಸಿದರು, ಉತ್ತರಕ್ಕೆ ಕಾದರು, ಅರ್ಥವಾಗದಿದ್ದಾಗ "ನೀವು ಹೇಳಿದ್ದು ಹೀಗೇ ತಾನೇ?" ಎಂದು ಕೇಳಿ ಖಚಿತ ಮಾಡಿಕೊಂಡರು. ಆ ಮಾತುಕತೆ ನಡೆಯುವಷ್ಟು ಹೊತ್ತು ಅವರು ವಿಜ್ಞಾನಿಯಾಗಿಯೇ ಇದ್ದರು.